ಚಕ್ಕಳಮಕ್ಕಳ ಆಪಲ್‌ಸಾಸ್

ಆರು ತಿಂಗಳು ಅಮೆರಿಕದಲ್ಲಿದ್ದು ಬಂದ ಮಾರನೇ ದಿನ ಸಂಜೆ ವಾಕಿಂಗಿಗೆ ಹೊರಟೆ. ಸವಳಂಗ ರಸ್ತೆಯ ನಮ್ಮ ವಾಕಿಂಗ್ ಬಳಗ ಸುತ್ತುಗಟ್ಟಿತು.

"ಎಂತ ನೋಡ್ಕಂಡ್ ಬಂದ್ರಿ ಮೇಡಂ? ಗೋಲ್ಡನ್ ಗೇಟಾ, ಡಿಸ್ನಿಲ್ಯಾಂಡಾ?"

"ಯುಕೆಜಿ," ಅಂದೆ.

ತಮಾಷೆ ಅಂದುಕೊಂಡು ನಕ್ಕರು. ತಮಾಷೆಯಲ್ಲ. ಸವಳಂಗ ರಸ್ತೆಯ ಒಂದು ತುದಿ ಶಿವಮೊಗ್ಗ, ಇನ್ನೊಂದು ತುದಿ ಸವಳಂಗ ಎಂದು ಬಸ್ಸಿನವರು ನಂಬಿದ್ದಾರೆ. ಮಕ್ಕಳನ್ನು ಹೆತ್ತವರಿಗೆ ನಿಜ ಗೊತ್ತು. 1980ರಲ್ಲಿ ನವುಲೆಯಲ್ಲಿ ಜೆಎನ್‌ಎನ್‌ಸಿಇ ಇಂಜಿನಿಯರಿಂಗ್ ಕಾಲೇಜು ಶುರುವಾದಂದಿನಿಂದ ಈ ರಸ್ತೆ ಕಾಲೇಜು ಗೇಟಿನ ಹತ್ತಿರ ಬೆಂಗಳೂರಿಗೆ ತಿರುಗಿ ಕ್ಯಾಲಿಫೋರ್ನಿಯಾದಲ್ಲಿ ಮುಗಿಯುತ್ತದೆ. ನಮ್ಮ ಮಗನೂ ಅದೇ ರಸ್ತೆ ಹಿಡಿದು ಹೋಗಿ ಫ್ರೀಮಾಂಟಿನಲ್ಲಿ ನಿಂತವನು. ಅವನ ಮಗಳು, ನಮ್ಮ ಪುಟ್ಟಿ, ಕಿಂಡರ್‌ಗಾರ್ಟನ್ ಸೇರುವ ವರ್ಷ ಅಜ್ಜ-ಅಜ್ಜಿ ಇರಲೇಬೇಕು ಎಂದು ಸೊಸೆ ಹಟ ಹಿಡಿದಳು. ಮೂವತ್ತು ವರ್ಷ ಸರ್ಕಾರಿ ಶಾಲೆಯಲ್ಲಿ ಒಂದನೇ ಕ್ಲಾಸಿಗೆ ಅ ಆ ಇ ಈ ತಿದ್ದಿಸಿದವಳು ನಾನು. ಒಂದು ಮಗುವನ್ನು ಸಂಭಾಳಿಸುವುದು ಯಾವ ದೊಡ್ಡ ಮಾತು ಅಂದುಕೊಂಡೆ. ಮಗುವನ್ನು ಸಂಭಾಳಿಸುವುದು ದೊಡ್ಡ ಮಾತಾಗಲಿಲ್ಲ. ಅದರ ಅಪ್ಪ-ಅಮ್ಮನನ್ನು ಸಂಭಾಳಿಸುವಷ್ಟರಲ್ಲಿ ಸಾಕುಸಾಕಾಯಿತು.

ಮೊದಲ ಕಂಟಕ ವಯಸ್ಸು. ಅದು ಎರಡೂ ಊರಿಗೂ ಒಂದೇ. ನಮ್ಮ ಎದುರುಮನೆಯವರು, ಜೂನ್ 1ಕ್ಕೆ ಆರು ತುಂಬದ ಮೊಮ್ಮಗನಿಗೆ ಒಂದನೇ ಕ್ಲಾಸು ಸಿಗುತ್ತೋ ಇಲ್ಲವೋ ಎಂದು ಪಂಚಾಂಗ ಹಿಡಿದು ಕೂತಿದ್ದರು. 2022ರ ಆದೇಶ, 2025-26ಕ್ಕೆ ಜಾರಿ. ಇನ್ನೇನು ಅನ್ನುವಾಗ ಏಪ್ರಿಲ್‌ನಲ್ಲಿ, ಆ ವರ್ಷಕ್ಕೆ ಮಾತ್ರ ಐದು ವರ್ಷ ಐದು ತಿಂಗಳು ಸಾಕು ಎಂದು ಸಡಿಲಿಕೆ. ಹುಡುಗ ಒಳಗೆ ಬಿದ್ದ, ಅಜ್ಜ ಊದುಬತ್ತಿ ಹಚ್ಚಿದರು. ಕ್ಯಾಲಿಫೋರ್ನಿಯಾದಲ್ಲಿ ಲೆಕ್ಕ ಸೆಪ್ಟೆಂಬರ್ 1ಕ್ಕೆ ಐದು. ನಾಲ್ಕು ತುಂಬಿದವರಿಗೂ ಈಗ ಸರ್ಕಾರಿ ಶಾಲೆಯಲ್ಲೇ ಒಂದು ಕ್ಲಾಸುಂಟು. ಹೆಸರು ಟ್ರಾನ್ಸಿಷನಲ್ ಕಿಂಡರ್‌ಗಾರ್ಟನ್, ಚುಟುಕಾಗಿ ಟಿ.ಕೆ. "ಪಕ್ಕದ ಮನೆ ಮಗು ಟೀಕೆಯಲ್ಲಿದೆ ಅಮ್ಮ," ಅಂತ ಮಗ ಫೋನಿನಲ್ಲಿ ಹೇಳಿದಾಗ, ಪಾಪ, ಅಷ್ಟು ಚಿಕ್ಕದನ್ನ ಯಾರು ಟೀಕೆ ಮಾಡಿದರೋ ಎಂದು ಮರುಗಿದ್ದೆ.

ಎರಡನೇ ಕಂಟಕ ಒಂದು ಫಾರಂ. ಅದು ನಾವು ಹೋಗುವ ಮೊದಲೇ, ವಿಡಿಯೋ ಕಾಲಿನಲ್ಲಿ ನಮ್ಮ ಅಡುಗೆಮನೆಗೆ ಬಂತು. ಲಸಿಕೆ ಕಾರ್ಡು, ಜನನ ಪತ್ರ, ಮನೆ ವಿಳಾಸಕ್ಕೆ ಕರೆಂಟ್ ಬಿಲ್ಲು ಎಲ್ಲ ಸರಾಗವಾಗಿ ಕೊಟ್ಟ ಮಗ 'ಮನೆಭಾಷೆ' ಎಂಬ ನಾಲ್ಕು ಪ್ರಶ್ನೆಗಳ ಮುಂದೆ ಪೆನ್ನು ಕಚ್ಚಿಕೊಂಡು ಕೂತಿದ್ದ. ಮಗು ಮಾತು ಕಲಿತದ್ದು ಯಾವ ಭಾಷೆಯಲ್ಲಿ? ಮನೆಯಲ್ಲಿ ಅದು ಹೆಚ್ಚಾಗಿ ಆಡುವ ಭಾಷೆ ಯಾವುದು? ನೀವು ಮಗುವಿನ ಜೊತೆ ಆಡುವುದು ಯಾವುದು? ಅಜ್ಜ-ಅಜ್ಜಿಯೂ ಸೇರಿ ಮನೆಯ ದೊಡ್ಡವರು ಆಡುವುದು ಯಾವುದು?

"ಇದರಲ್ಲಿ ಯೋಚನೆ ಮಾಡೋದು ಎಂತ ಉಂಟು? ಕನ್ನಡ ಅಂತ ಬರಿ."

"ಹಾಗಲ್ಲಮ್ಮ, ಬೇರೆ ಭಾಷೆ ಬರೆದರೆ ಮೂವತ್ತು ದಿನದೊಳಗೆ ಪುಟ್ಟೀನ ಕೂರಿಸಿ ಇಂಗ್ಲಿಷ್ ಪರೀಕ್ಷೆ ಮಾಡ್ತಾರಂತೆ. ಫ್ರೆಂಡ್ಸೆಲ್ಲ ನಾಲ್ಕಕ್ಕೂ ಇಂಗ್ಲಿಷ್ ಅಂತ ಬರೆದು ಕೈತೊಳ್ಕೊ ಅಂತಿದಾರೆ."

ನವೆಂಬರ್ ಒಂದಕ್ಕೆ ಹಳದಿ-ಕೆಂಪು ಶಾಲು ಹೊದ್ದು ಫೋಟೋ ಕಳಿಸುವ ಹುಡುಗರೇ ಇವರು! ಆದರೂ ನಿಜ ಹೇಳಬೇಕಲ್ಲ, ಆ ಮನೆಯ ಭಾಷೆ ಯಾವುದು ಎಂದು ಒಂದು ಪದದಲ್ಲಿ ಬರೆಯುವುದು ಪಂಡಿತರಿಗೂ ಕಷ್ಟ. ಅಪ್ಪ-ಅಮ್ಮ ಕೇಳುವುದು ಕನ್ನಡದಲ್ಲಿ, ಮಗು ಉತ್ತರಿಸುವುದು ಇಂಗ್ಲಿಷಿನಲ್ಲಿ. ಮುದ್ದು ಇಂಗ್ಲಿಷಿನಲ್ಲಿ, ಬೈಗುಳ ಶುದ್ಧ ಶಿವಮೊಗ್ಗದಲ್ಲಿ. ಕಡೆಗೆ ಸೊಸೆಯೇ ಪೆನ್ನು ಕಿತ್ತುಕೊಂಡು, ಎರಡನೆಯದಕ್ಕೆ ಇಂಗ್ಲಿಷ್, ಉಳಿದ ಮೂರಕ್ಕೂ ಕನ್ನಡ ಎಂದು ಬರೆದಳು. ಮಗ ತಲೆಮೇಲೆ ಕೈಹೊತ್ತ.

ಆ ಪ್ರಶ್ನೆಗಳ ಹಿಂದೆ ಒಂದು ಕಥೆಯಿದೆ ಎಂದು ಆಮೇಲೆ ಓದಿದೆ. ಫ್ರೀಮಾಂಟಿಗೆ ಹತ್ತಿರದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇಂಗ್ಲಿಷ್ ಬಾರದ ಚೀನೀ ಮಕ್ಕಳನ್ನು ಸುಮ್ಮನೆ ಕ್ಲಾಸಿನಲ್ಲಿ ಕೂರಿಸಿ ಪಾಠ ಮಾಡುತ್ತಿದ್ದರಂತೆ. ಭಾಷೆ ತಿಳಿಯದವರಿಗೆ ಅದೇ ಪುಸ್ತಕ, ಅದೇ ಬೆಂಚು ಕೊಟ್ಟರೆ ಸಮಾನತೆ ಆಗಲಿಲ್ಲ ಎಂದು 1974ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೇಳಿತು. ಅಂದರೆ ಆ ಪರೀಕ್ಷೆ ಇರುವುದು ಮಗುವಿಗೆ ನೆರವು ಬೇಕೋ ಎಂದು ತಿಳಿಯುವುದಕ್ಕೆ. ನಮ್ಮ ಜನ ಅದನ್ನು ಸಿಇಟಿ ಎಂದು ತಿಳಿದು ಬೆವರುತ್ತಾರೆ.

ಆಗಸ್ಟಿನಲ್ಲಿ ಶಾಲೆ ತೆರೆಯಿತು. ನನ್ನ ಕಾಲದ ಮೊದಲ ದಿನ ಹೇಗಿರುತ್ತಿತ್ತು ಹೇಳುತ್ತೇನೆ. ಮಕ್ಕಳೆಲ್ಲ ಒಟ್ಟಿಗೆ ಅಳುವುದು, ಒಂದು ನನ್ನ ಸೆರಗು ಹಿಡಿದು, ಇನ್ನೊಂದು ಬಾಗಿಲು ಹಿಡಿದು. ಅಪ್ಪ-ಅಮ್ಮಂದಿರು ಹಿಂದೆ ನೋಡದೆ ಓಟ ಕೀಳುವುದು. ಅಲ್ಲಿ ಪುಟ್ಟಿ ತನಗಿಂತ ದೊಡ್ಡ ಬ್ಯಾಗು ಹೊತ್ತು "ಬೈ ಅಜ್ಜಿ" ಎಂದು ಸಾಲಿನಲ್ಲಿ ನಡೆದೇಬಿಟ್ಟಳು. ತಿರುಗಿ ನೋಡಿದರೆ ಗೇಟಿನಾಚೆ ಅಪ್ಪ-ಅಮ್ಮಂದಿರು ಕಣ್ಣೊರೆಸಿಕೊಳ್ಳುತ್ತಿದ್ದಾರೆ! ಅಷ್ಟೇ ಅಲ್ಲ, ಅಳುವ ಹೆತ್ತವರಿಗೆಂದೇ ಪಕ್ಕದ ಹಾಲಿನಲ್ಲಿ ಕಾಫಿ, ಡೋನಟ್ಟು, ಟಿಶ್ಯೂ ಡಬ್ಬ ಇಟ್ಟಿದ್ದರು. ಅದಕ್ಕೆ 'ಬೂ ಹೂ ಬ್ರೇಕ್‌ಫಾಸ್ಟ್' ಅಂತ ಹೆಸರೇ ಉಂಟು. ನಮ್ಮವರು ಎರಡು ಡೋನಟ್ಟು ತಿಂದು, "ಅತ್ತರೆ ತಿಂಡಿ ಕೊಡೋ ಊರು ಇದೊಂದೇ ನೋಡೇ," ಎಂದರು.

ಅಂದು ಮಧ್ಯಾಹ್ನ ಮನೆಗೆ ಬಂದ ಪುಟ್ಟಿ ಸೋಫಾದ ಮೇಲೆ ಕಾಲು ಚಾಚಿದ್ದ ಅಜ್ಜನಿಗೆ ಗದರಿದಳು: "ತಾತಾ, ಕ್ರಿಸ್-ಕ್ರಾಸ್ ಆಪಲ್‌ಸಾಸ್!" ಹಸಿವಾಗಿರಬೇಕು ಎಂದು ನಾನು ಫ್ರಿಜ್ಜಿನಲ್ಲಿ ಸೇಬು ಹುಡುಕಿದೆ. ಅವಳು ಹಣೆ ಚಚ್ಚಿಕೊಂಡು ನೆಲದ ಮೇಲೆ ಕಾಲು ಮಡಚಿ ಕೂತು ತೋರಿಸಿದಳು. ಅಯ್ಯೋ, ಚಕ್ಕಳಮಕ್ಕಳ! ನಾವು ಊಟಕ್ಕೆ, ಪೂಜೆಗೆ, ಪಾಠಕ್ಕೆ ಹುಟ್ಟಿನಿಂದ ಕೂರುವ ಹಾಗೆ ಕೂರುವುದಕ್ಕೆ ಆ ಮಕ್ಕಳಿಗೆ ಸೇಬಿನ ಗೊಜ್ಜಿನ ಹೆಸರು ಹೇಳಿ ಅಭ್ಯಾಸ ಮಾಡಿಸುತ್ತಾರೆ.

ಸೆಪ್ಟೆಂಬರಿನಲ್ಲಿ ಒಂದು ಸಂಜೆ ಹೆತ್ತವರಿಗೆ ಕ್ಲಾಸು ತೋರಿಸುವ ಕಾರ್ಯಕ್ರಮವಿತ್ತು. ನಾನೂ ಹೋದೆ. ಒಳಗೆ ಕಾಲಿಟ್ಟವಳು ಬಾಗಿಲಲ್ಲೇ ನಿಂತೆ. ಗೋಡೆಗೆ ಹವಾಮಾನ ನಕ್ಷೆ: ಇವತ್ತು ಬಿಸಿಲೋ ಮೋಡವೋ. ಮಕ್ಕಳ ಎತ್ತರಕ್ಕೆ ತೂಗುಹಾಕಿದ ಚಿತ್ರಗಳು. ಸಾಲು ಬೆಂಚಿಲ್ಲ, ನಾಲ್ಕೈದು ಗುಂಪು, ಒಂದೊಂದು ಗುಂಪಿಗೆ ಒಂದೊಂದು ಕೆಲಸ. "ಇದು ನಮ್ಮ ನಲಿಕಲಿ ಮಾರಾಯ್ತಿ!" ಎಂದು ಸೊಸೆಯ ಕೈ ಜಗ್ಗಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಮೇಷ್ಟರುಗಳು ಶುರುಮಾಡಿ, ಆಮೇಲೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿದ ಪದ್ಧತಿ. ಕಲಿಕಾ ಚಪ್ಪರ, ಕಲಿಕಾ ಏಣಿ, ಮಕ್ಕಳು ಗುಂಪಾಗಿ ಕೂರುವ ತಟ್ಟೆಗಳು: ಶಿಕ್ಷಕರ ಪೂರ್ಣ ಸಹಾಯ ಬೇಕಾದವರದೊಂದು ತಟ್ಟೆ, ಭಾಗಶಃ ಸಹಾಯ ಬೇಕಾದವರದು ಇನ್ನೊಂದು, ತಾವೇ ಕಲಿಯುವವರದು ಮತ್ತೊಂದು. ಊರಲ್ಲಿ ಇದನ್ನು ನೋಡಿ "ಅಲ್ಲಿ ಬರೀ ಆಡಿಸ್ತಾರೆ" ಎಂದು ಮೂಗುಮುರಿದು ಕಾನ್ವೆಂಟಿನ ಹಳದಿ ವ್ಯಾನು ಹತ್ತಿಸಿದವರ ಮಕ್ಕಳೇ ಅಲ್ಲಿ ಕೂತು "ವಾವ್, ಪ್ಲೇ ಬೇಸ್ಡ್" ಎಂದು ಫೋಟೋ ಹೊಡೆಯುತ್ತಿದ್ದರು.

ಕಿಂಡರ್‌ಗಾರ್ಟನ್ ಎಂಬ ಮಾತೂ ಅಮೆರಿಕದ್ದಲ್ಲ. ಜರ್ಮನಿಯ ಫ್ರೋಬೆಲ್ 1840ರಲ್ಲಿ ತನ್ನ ಶಿಶುಶಾಲೆಗೆ ಇಟ್ಟ ಹೆಸರು ಅದು, ಮಕ್ಕಳ ತೋಟ ಅಂತ. ಅಮೆರಿಕಕ್ಕೆ ಅದನ್ನು ತಂದವಳು ಮಾರ್ಗರೆಟೆ ಶುರ್ಜ್ ಎಂಬ ವಲಸೆ ಬಂದ ತಾಯಿ. 1856ರಲ್ಲಿ ವಿಸ್ಕಾನ್ಸಿನ್‌ನ ವಾಟರ್‌ಟೌನಿನಲ್ಲಿ ತನ್ನ ಮಗಳನ್ನೂ ನೆಂಟರ ಮಕ್ಕಳನ್ನೂ ಮನೆಯಲ್ಲಿ ಕೂಡಿಸಿ ಶುರುಮಾಡಿದಳು. ಕಲಿಸಿದ್ದು ಇಂಗ್ಲಿಷಿನಲ್ಲಲ್ಲ, ಜರ್ಮನ್‌ನಲ್ಲಿ. ಆ ಫಾರಂ ಆಗ ಇದ್ದಿದ್ದರೆ ಅವಳು ನಾಲ್ಕೂ ಪ್ರಶ್ನೆಗೆ ಒಂದೇ ಉತ್ತರ ಬರೆಯುತ್ತಿದ್ದಳು, ಪೆನ್ನು ಕಚ್ಚದೆ.

ಪಾಠ ಮಗುವಿಗೆ, ಮನೆಗೆಲಸ ಅಪ್ಪ-ಅಮ್ಮನಿಗೆ ಎಂಬುದು ಅಕ್ಟೋಬರಿನ ಹೊತ್ತಿಗೆ ಸ್ಪಷ್ಟವಾಯಿತು. ದಿನಕ್ಕೊಂದು ಇಮೇಲು. ನಾಳೆ ಕೆಂಪಂಗಿ. ನಾಡಿದ್ದು ಕೂದಲು ಕೆದರಿಕೊಂಡು ಬರುವ ದಿನ. ಶುಕ್ರವಾರ ಪೈಜಾಮದ ದಿನ. ನೈಟ್ ಡ್ರೆಸ್ಸಿನಲ್ಲಿ ಶಾಲೆಗಾ! ಮಗ ಒಂದು ಇಮೇಲನ್ನು ಅರ್ಧ ಓದಿ, ಒಂದು ವಾರ ಮೊದಲೇ ಪುಟ್ಟಿಯನ್ನು ಪೈಜಾಮದಲ್ಲಿ ಕಳಿಸಿ, ಮತ್ತೆ ಫ್ರಾಕು ಹಿಡಿದು ಓಡಿದ. ನಲಿಕಲಿ ಲೆಕ್ಕದಲ್ಲಿ ಅವನದು ಶಿಕ್ಷಕರ ಪೂರ್ಣ ಸಹಾಯದ ತಟ್ಟೆ.

ನವೆಂಬರಿನಲ್ಲಿ ಟೀಚರ ಜೊತೆ ಇಪ್ಪತ್ತು ನಿಮಿಷದ ಮಾತುಕತೆ. "ಪುಟ್ಟಿಗೆ ತನ್ನ ಆಲೋಚನೆಗಳನ್ನು ಹಂಚಿಕೊಳ್ಳುವುದೆಂದರೆ ತುಂಬಾ ಇಷ್ಟ" ಅಂದರಂತೆ. ಮಗ ಹಿಗ್ಗಿ ಹೀರೇಕಾಯಿಯಾಗಿ ಬಂದ. ನನಗೆ ಆ ಭಾಷೆ ಚೆನ್ನಾಗಿ ಗೊತ್ತು. ಮೂವತ್ತು ವರ್ಷ ನಾನೂ ಅದನ್ನೇ ಆಡಿದ್ದೇನೆ: 'ಹುಡುಗ ಚೂಟಿ' ಅಂದರೆ ಒಂದು ಕಡೆ ಕೂರುವುದಿಲ್ಲ, 'ನಾಯಕತ್ವದ ಗುಣ ಇದೆ' ಅಂದರೆ ಪಕ್ಕದವರಿಗೆ ಹೊಡೆಯುತ್ತಾನೆ. "ಹಂಚಿಕೊಳ್ಳುವುದು ಇಷ್ಟ ಅಂದ್ರೆ ಬಾಯಿ ಮುಚ್ಚಲ್ಲ ಅಂತ ಅರ್ಥ ಕಣೋ," ಎಂದು ಅನುವಾದಿಸಿಕೊಟ್ಟೆ.

ಎಲ್ಲಕ್ಕಿಂತ ದೊಡ್ಡ ಹಬ್ಬ ಬಂದದ್ದು ಜನವರಿ ಕೊನೆಗೆ. ಶಾಲೆ ಶುರುವಾಗಿ ನೂರನೇ ದಿನ. ಪ್ರತಿ ಮಗುವೂ ಯಾವುದಾದರೂ ವಸ್ತು ನೂರು ತರಬೇಕು.

"ಅಡಿಕೆ," ಎಂದರು ನಮ್ಮವರು ತಕ್ಷಣ. ಶಿವಮೊಗ್ಗದವರ ಬಾಯಿಂದ ಇನ್ನೇನು ಬಂದೀತು. "ರಾಶಿ, ಬೆಟ್ಟೆ, ಸರಕು, ಗೊರಬಲು, ಇಪ್ಪತ್ತೈದಿಪ್ಪತ್ತೈದು ಅಂಟಿಸಿದರೆ ಇಡೀ ಮಂಡಿಯೇ ಕ್ಲಾಸಿಗೆ ಹೋದಂಗೆ."

"ಮಾವ, ಕ್ಲಾಸಿಗೆ ನಟ್ ಒಯ್ಯೋ ಹಾಗಿಲ್ಲ," ಎಂದಳು ಸೊಸೆ. ಕೆಲವು ಮಕ್ಕಳಿಗೆ ಕಡಲೆಕಾಯಿ, ಗೋಡಂಬಿ ಸೋಕಿದರೆ ಪ್ರಾಣಕ್ಕೇ ಅಪಾಯ. ಮುರಿಯುವಂತಿಲ್ಲದ ನಿಯಮ ಅದು.

"ಅಡಿಕೆ ನಟ್ ಅಲ್ಲ, ಅದೊಂದು ಬೀಜ."

"ಇಂಗ್ಲಿಷಲ್ಲಿ ಏನಂತಾರೆ ಮಾವ?"

ನಮ್ಮವರು ಬಾಯಿ ತೆರೆದು, ಮುಚ್ಚಿದರು. ಅರೆಕಾ ನಟ್. ಮಲೆನಾಡಿನ ಬಂಗಾರ ಒಂದು ಪದದಿಂದಾಗಿ ಗೇಟಿನಾಚೆ ಉಳಿಯಿತು.

ಹುಣಸೆಬೀಜ ಎಂದು ನಾನು ಹೇಳಿದೆ. ಮಗ ಇಂಡಿಯನ್ ಅಂಗಡಿಯಿಂದ ಎರಡು ಪ್ಯಾಕೆಟ್ ಹುಣಸೆಹಣ್ಣು ತಂದ. ಮೇಲೆ ದಪ್ಪಕ್ಷರದಲ್ಲಿ: ಬೀಜ ತೆಗೆದದ್ದು. ಜೀವಮಾನವಿಡೀ ಬೀಜ ಇದೆಯೆಂದು ಅಂಗಡಿಯವನ ಜೊತೆ ಜಗಳವಾಡಿದವಳು ಅಂದು ಇಲ್ಲವೆಂದು ಅತ್ತೆ. ಕಡೆಗೆ ಕೈಹಿಡಿದದ್ದು ಮೆಕ್ಸಿಕನ್ ಅಂಗಡಿ. ಅಲ್ಲಿ ಓಡು ಸಮೇತ ಹುಣಸೆ, ಬುಟ್ಟಿಗಟ್ಟಲೆ, ಹೆಸರು 'ತಮರಿಂಡೋ'. ಅರಬ್ಬರು ಅದನ್ನು ಹಿಂದೂಸ್ತಾನದ ಖರ್ಜೂರ ಎಂದು ಕರೆದದ್ದೇ ಈ ಹೆಸರಿನ ಮೂಲ. ಅದೂ ನಮ್ಮ ಹಾಗೇ ಹೆಸರು ಕೊಂಚ ತಿರುಚಿಸಿಕೊಂಡು ಊರು ಸೇರಿದ್ದು.

ರಾತ್ರಿ ಎಲ್ಲರೂ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆವು. ಓಡು ಒಡೆದು, ನಾರು ಬಿಡಿಸಿ, ಬೀಜ ತೊಳೆದು ಟವೆಲ್ ಮೇಲೆ ಹರವಿದೆವು. ಪುಟ್ಟಿ ಎಣಿಸಬೇಕು, ಕನ್ನಡದಲ್ಲಿ. ನಲವತ್ತರ ತನಕ ಸಲೀಸು. ಐವತ್ತೊಂಬತ್ತಕ್ಕೆ ಬಂದು ನಿಂತು ಅಪ್ಪನ ಮುಖ ನೋಡಿದಳು. ದಿನವಿಡೀ ಕೋಟಿಗಳ ಲೆಕ್ಕ ಬರೆಯುವ ಇಂಜಿನಿಯರು "ಅದೂ... ಸಿಕ್ಸ್ಟಿ..." ಎಂದು ನನ್ನ ಮುಖ ನೋಡಿದ. "ಅರವತ್ತು!" ಎಂದೆ, ಒಂದನೇ ಕ್ಲಾಸಿನ ದನಿಯಲ್ಲಿ. "ಕೈ ಕಟ್ಟು, ಮೊದಲಿಂದ ಹೇಳು." ಅಪ್ಪ-ಮಗಳು ಇಬ್ಬರೂ ಕೈಕಟ್ಟಿ ಒಂದರಿಂದ ಹೇಳಿದರು. ನೂರು ಮುಟ್ಟಿದಾಗ ಹನ್ನೊಂದು ಗಂಟೆ. ಮುಂದಿನ ಒಂದು ವಾರ ಮನೆಯಲ್ಲಿ ಪುಳಿಯೋಗರೆ, ಗೊಜ್ಜು, ಸಾರು, ಮತ್ತೆ ಪುಳಿಯೋಗರೆ.

ಶಾಲೆಯಲ್ಲಿ ಬೀಜ ನೋಡಿದ ಟೀಚರು "ಓ, ಮಂಕಾಲ ಆಡಬಹುದು!" ಎಂದು ಮೊಟ್ಟೆಯ ಟ್ರೇ ತಂದರಂತೆ, ಹನ್ನೆರಡು ಗುಳಿಯದು. ಮಂಕಾಲ ಅಂದರೆ ಅಲ್ಲಿನವರ ಅಳಗುಳಿ ಮಣೆ. "ನಮ್ಮಜ್ಜಿ ಮನೇಲಿ ಹದಿನಾಲ್ಕು ಗುಳಿ ಇದೆ," ಎಂದು ಪುಟ್ಟಿ ತಿದ್ದಿದಳಂತೆ. ಹಂಚಿಕೊಳ್ಳುವುದೆಂದರೆ ಇಷ್ಟವಲ್ಲವೇ. ನಮ್ಮ ಅಳಗುಳಿ ಮಣೆಯ ಮಾನ ಉಳಿಯಿತು.

ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಹೇಳುವುದನ್ನೇ ಮರೆತೆ. ಅದು ಎಂದೋ ಬಂದಿತ್ತು: ಮಗು ಇಂಗ್ಲಿಷಿನಲ್ಲಿ ನಿರರ್ಗಳ, ನೆರವು ಬೇಕಿಲ್ಲ. ಮಗ ಕೇಸರಿಬಾತು ಮಾಡಿಸಿದ. ತಿನ್ನುತ್ತಾ ನನಗೆ ಅನ್ನಿಸಿದ್ದು, ಕನ್ನಡದಲ್ಲಿ ನೆರವು ಬೇಕೋ ಎಂದು ಕೇಳುವ ಫಾರಂ ಯಾವ ಕಚೇರಿಯಿಂದಲೂ ಬರುವುದಿಲ್ಲವಲ್ಲ ಎಂದು. ನಮ್ಮ ವೀಸಾ ಮುಗಿಯಿತು, ಹೊರಟು ಬಂದೆವು.

ಮೊನ್ನೆ ಭಾನುವಾರ ಬೆಳಿಗ್ಗೆ ವಿಡಿಯೋ ಕಾಲು. ಪುಟ್ಟಿಗೆ ನಮ್ಮ ಕಡೆ ನೋಡಲು ಪುರುಸೊತ್ತಿಲ್ಲ. ಗೊಂಬೆಗಳನ್ನು ಸಾಲಾಗಿ ಕೂರಿಸಿ ಶಾಲೆ ನಡೆಸುತ್ತಿದ್ದಳು. ಒಂದು ಕರಡಿ ಕಾಲು ಚಾಚಿ ಬಿದ್ದಿತ್ತು. ಅವಳು ಸೊಂಟದ ಮೇಲೆ ಕೈಯಿಟ್ಟು, ನನ್ನದೇ ದನಿಯಲ್ಲಿ ಗದರಿದಳು:

"ಏಯ್! ಕೈ ಕಟ್ಟು! ಚಕ್ಕಳಮಕ್ಕಳ ಆಪಲ್‌ಸಾಸ್!"

ಸೊಸೆ ಪಕ್ಕದಲ್ಲಿ ನಗುತ್ತಿದ್ದಳು. "ಆ ಎರಡನೇ ಪ್ರಶ್ನೆಗೆ ಇನ್ನೊಂದ್ಸಲ ಉತ್ತರ ಬರೀಬಹುದಾ ಕೇಳ್ನೋಡು," ಎಂದೆ.