ಸಹಾಯಾರ್ಥ ಫ್ಲೆಕ್ಸ್ ಸಮಿತಿಯವರ ಅವಗಾಹನೆಗೆ

ಮಾಜಾಳಿಯಿಂದ ಗಂಗಾವಳಿ ತನಕದ ಸಮಸ್ತ ಸಹಾಯಾರ್ಥ ಕಾರ್ಯಕ್ರಮಗಳ ಸಂಘಟನಾ ಸಮಿತಿಗಳಿಗೆ, ಕಾರವಾರ-ಅಂಕೋಲಾದ ದಾರಿಹೋಕರ ಪರವಾಗಿ ಸವಿನಯ ವಿಜ್ಞಾಪನೆ.

ಕಿಡ್ನಿ ಕೆಟ್ಟ ಹುಡುಗನೊಬ್ಬನ ಚಿಕಿತ್ಸೆಗೆಂದು ಒಂದು ರಾತ್ರಿಯ ಯಕ್ಷಗಾನ ಇಟ್ಟರೆ ಹೆದ್ದಾರಿ ಬದಿಗೆ ಏಳುವ ಫ್ಲೆಕ್ಸ್ ಹೇಗಿರಬೇಕೆಂಬುದನ್ನು ಸಮಿತಿಯವರು ಶಾಸ್ತ್ರದಂತೆ ನಿಗದಿ ಮಾಡಿಕೊಂಡಿದ್ದಾರೆ. ಮೇಲೆ ಊರ ದೇವರು. ಕೆಳಗೆ ಉದ್ಘಾಟಕರು, ಅಧ್ಯಕ್ಷರು, ಗೌರವಾಧ್ಯಕ್ಷರು, ಘನ ಉಪಸ್ಥಿತಿ. ಎಡಬಲದಲ್ಲಿ ಕೈಮುಗಿದು ನಿಂತ ಶುಭ ಕೋರುವವರು. ಹುಡುಗನ ಹೆಸರು ಕೆಳಗಿನ ಮೂಲೆಯಲ್ಲಿ, ಜಾಹೀರಾತು ಕೊಟ್ಟ ಕೋಳಿ ಅಂಗಡಿಯ ಫೋನ್ ನಂಬರಿಗಿಂತ ತುಸು ಸಣ್ಣದಾಗಿ. ಚಿಕಿತ್ಸೆಗೆ ಎಷ್ಟು ಬೇಕು, ಇಷ್ಟರ ತನಕ ಎಷ್ಟು ಕೂಡಿದೆ, ದುಡ್ಡು ಯಾರ ಖಾತೆಗೆ ಹೋಗುತ್ತದೆ ಎಂಬುದಕ್ಕೆಲ್ಲ ಜಾಗ ಸಾಲುವುದಿಲ್ಲ. ಗೌರವಾಧ್ಯಕ್ಷರು ಇಬ್ಬರಿದ್ದಾರಲ್ಲ!

ಒಂದು ಲೆಕ್ಕಕ್ಕೆ ಒಳ್ಳೆಯದೇ. ಮೂಗಿಗೆ ನಳಿಗೆ ಹಾಕಿಸಿಕೊಂಡು ಮಲಗಿದ ಮಗುವಿನ ಫೋಟೋ ನಾಲ್ಕು ರಸ್ತೆ ಕೂಡುವಲ್ಲಿ ತೂಗುವುದಕ್ಕಿಂತ ಗೌರವಾಧ್ಯಕ್ಷರ ಮುಖವೇ ವಾಸಿ.

ಡಿಟಿಪಿ ಅಂಗಡಿಯವನನ್ನು ಬೈಯುವಂತಿಲ್ಲ. ವಾಟ್ಸಾಪಿನಲ್ಲಿ ಕಳಿಸಿದ ಫೋಟೋ ದಾರಿಯಲ್ಲೇ ಸೊರಗಿರುತ್ತದೆ. ಅದನ್ನು ಎಂಟಡಿಗೆ ಹಿಗ್ಗಿಸಿದರೆ ಅಧ್ಯಕ್ಷರ ಗಲ್ಲ ಚೌಕಚೌಕವಾಗಿ ಒಡೆಯುತ್ತದೆ. ಯೂನಿಕೋಡಿನ ಬರಹವನ್ನು ಭಾರತೀಯ ಲಿಪಿಗಳಿಗೆ ಸಜ್ಜಾಗದ ಫೋಟೋಶಾಪಿಗೆ ಸುರಿದರೆ ಒತ್ತಕ್ಷರಗಳು ಕಳಚಿ 'ವಿದ್ಯಾರ್ಥಿ'ಯು 'ವಿದ್‌ಯಾರ್‌ಥಿ' ಆಗುತ್ತಾನೆ. ಇದನ್ನು ತಿದ್ದಲು ಒಂದು ದಿನ ಬೇಕು. ಆ ದಿನವನ್ನು ಸಮಿತಿಯು ಯಾರ ಫೋಟೋ ಯಾರ ಪಕ್ಕಕ್ಕೆಂಬ ಚರ್ಚೆಗೆ ಮೀಸಲಿಟ್ಟಿರುತ್ತದೆ. ಇನ್ನು ಕ್ಯೂಆರ್ ಕೋಡ್. ಅದರ ಅಗಲದ ಸುಮಾರು ಹತ್ತು ಪಟ್ಟು ದೂರದಿಂದ ಮೊಬೈಲ್ ಅದನ್ನು ಓದಬಲ್ಲದೆಂಬುದು ರೂಢಿಯ ಲೆಕ್ಕ. ಅಂದರೆ ನಾಲ್ಕು ಇಂಚಿನ ಕೋಡಿಗೆ ಮೂರಡಿ ನಾಲ್ಕು ಇಂಚು. ಅದನ್ನು ಹನ್ನೆರಡಡಿ ಎತ್ತರದಲ್ಲಿ ಕಟ್ಟಿದ ಮೇಲೆ ದಾನಿಯು ಪರ್ಸಿನ ಜೊತೆ ಏಣಿಯನ್ನೂ ತರಬೇಕು.

ಇದೇ ಅಂಕೋಲೆಯಲ್ಲಿ 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದ ಜನ, ಮಾಡಿದ ಉಪ್ಪನ್ನು ಹರಾಜಿಗೆ ಹಾಕಿದರು. ಮೊದಲ ಪೊಟ್ಟಣವನ್ನು ಸೂರ್ವೆಯ ರೇವು ಹೊನ್ನಪ್ಪ ನಾಯಕರು 30 ರೂಪಾಯಿಗೆ ಕೊಂಡರು. ಅಂದಿನ ಮೂವತ್ತು ರೂಪಾಯಿ! ಏನು ಮಾರುತ್ತಿದ್ದಾರೆ, ಯಾತಕ್ಕೆ ಮಾರುತ್ತಿದ್ದಾರೆ ಎಂಬುದು ನೆರೆದ ಅಷ್ಟೂ ಜನಕ್ಕೆ ಗೊತ್ತಿತ್ತು. ಈಗಿನ ಸಮಿತಿಗೆ ವಹಿಸಿದ್ದರೆ ಉಪ್ಪಿನ ಪೊಟ್ಟಣದ ಮೇಲೂ ಸ್ವಾಗತ ಸಮಿತಿಯ ಪಟ್ಟಿ ಅಚ್ಚಾಗುತ್ತಿತ್ತು.

ಹಾಗೆಂದು ಪರಂಪರೆ ಕಡಿದುಹೋಗಿದೆ ಎನ್ನಲಾಗದು. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಫ್ಲೆಕ್ಸ್, ಬ್ಯಾನರ್, ಬಂಟಿಂಗ್‌ಗಳನ್ನು ನಿಷೇಧಿಸಿದೆ. ಆದ್ದರಿಂದ ಸಮಿತಿಯವರು ಕಂಬಕ್ಕೆ ಫ್ಲೆಕ್ಸ್ ಬಿಗಿದಾಗಲೆಲ್ಲ ಕಾಯ್ದೆಭಂಗ ಚಳವಳಿ ಮುಂದುವರಿಯುತ್ತಿದೆ. ಅಂದು ಮುರಿದವರಿಗೆ ಜೈಲು, ಇಂದು ಮುರಿದವರಿಗೆ ಶಾಲು.

ಅಂಕೋಲೆಯಲ್ಲಿ ಇನ್ನೊಬ್ಬರಿದ್ದರು, ದಿನಕರ ದೇಸಾಯಿ. 1953ರಲ್ಲಿ ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿ ಜಿಲ್ಲೆಯಲ್ಲಿ ಶಾಲೆಗಳನ್ನು ತೆರೆದವರು. 1966ರಲ್ಲಿ ಅಂಕೋಲೆಯಲ್ಲಿ ಶುರುವಾದ ಕಾಲೇಜಿಗೆ ಇಟ್ಟ ಹೆಸರೂ ಗೋಖಲೆಯವರದು, ತಮ್ಮದಲ್ಲ. ಹೇಳಬೇಕಾದ್ದನ್ನೆಲ್ಲ ನಾಲ್ಕು ಸಾಲಿನ ಚುಟುಕದಲ್ಲಿ ಮುಗಿಸುತ್ತಿದ್ದ ಅವರನ್ನೇ ಮೇಲ್ಪಂಕ್ತಿಯಾಗಿಟ್ಟುಕೊಂಡು ಸಮಿತಿಗಳು ಒಂದು ಪ್ರಯೋಗ ಮಾಡಬಹುದು. ಯಾರಿಗಾಗಿ, ಎಷ್ಟು ಬೇಕು, ಯಾವಾಗ ಮತ್ತು ಎಲ್ಲಿ, ಕೊಡುವುದು ಹೇಗೆ: ಬಟ್ಟೆಯ ಮೇಲೆ ಅಥವಾ ಕಾಗದದ ಮೇಲೆ ಇಷ್ಟೇ, ದಪ್ಪಕ್ಷರದಲ್ಲಿ. ಗೌರವಾಧ್ಯಕ್ಷರನ್ನು ವೇದಿಕೆಯ ಮೇಲೆ ಖುದ್ದಾಗಿ ನೋಡಿಕೊಳ್ಳಬಹುದು. ಕಾರ್ಯಕ್ರಮ ಮುಗಿದ ವಾರದೊಳಗೆ ಅದೇ ಕಂಬಕ್ಕೆ ಎರಡನೆಯ ಪೋಸ್ಟರ್: ಕೂಡಿದ್ದೆಷ್ಟು, ಪೆಂಡಾಲು-ಮೈಕು-ಮೇಳದ ಸಂಭಾವನೆಗೆ ಹೋದದ್ದೆಷ್ಟು, ಆಸ್ಪತ್ರೆಗೆ ಕಟ್ಟಿದ್ದೆಷ್ಟು. ಇದಕ್ಕೆ ಶುಭ ಕೋರುವವರು ಸಿಗುವುದು ಕಷ್ಟವೆಂದು ದಾರಿಹೋಕರಿಗೂ ತಿಳಿದಿದೆ.

ಇಂತಿ,
ಕಾರವಾರ-ಅಂಕೋಲಾದ ದಾರಿಹೋಕರು

ವಿ.ಸೂ.: ಫ್ಲೆಕ್ಸೇ ಆಗಬೇಕೆಂದು ಸಮಿತಿ ಪಟ್ಟು ಹಿಡಿದರೆ, ಬಿಚ್ಚಿಸುವಾಗ ಐಲೆಟ್ ಹರಿಯದಂತೆ ನೋಡಿಕೊಳ್ಳತಕ್ಕದ್ದು. ಜೂನ್ ಮೊದಲ ವಾರ ಕಟ್ಟಿಗೆ ರಾಶಿಗೂ ಕೊಟ್ಟಿಗೆಯ ಮಾಡಿಗೂ ಹೊದೆಸಿ ಹಗ್ಗ ಕಟ್ಟಲು ಆ ತೂತುಗಳೇ ಬೇಕು.