67 ಪರ್ಸೆಂಟ್ ಸೊಸೆ

ಅಮೆರಿಕದ ಸರ್ಕಾರ ನನಗೆ ದುಡ್ಡು ಕೊಟ್ಟು ಓದಿಸುತ್ತಿದೆ ಎಂದರೆ ಹಾಸನದಲ್ಲಿ ಇವತ್ತಿಗೂ ಯಾರೂ ನಂಬುವುದಿಲ್ಲ. ನಂಬದವರಲ್ಲಿ ಮೊದಲನೆಯವರು ನಮ್ಮಮ್ಮ. ಬಿ.ಕಾಂ. ಎರಡನೇ ವರ್ಷದಲ್ಲಿ ಸ್ಟ್ಯಾಟಿಸ್ಟಿಕ್ಸ್ ಕ್ಯಾರಿ ಓವರ್ ಆದಾಗ, ಇನ್ನು ಇವಳ ಫೀಸಿಗೆ ಸುರಿಯುವುದು ದಂಡ ಎಂದು ತೀರ್ಮಾನಿಸಿ, ಅದೇ ದುಡ್ಡನ್ನು ಮದುವೆಗೆ ಸುರಿದವರು ಅವರು. ಅರ್ಧಕ್ಕೆ ನಿಂತ ಆ ಡಿಗ್ರಿಯೇ ಈಗ ನನ್ನ ಆಸ್ತಿ. ಪೆಲ್ ಗ್ರಾಂಟ್ ಎಂಬ ಸಹಾಯಧನ ಸಿಗುವುದು ಮೊದಲ ಪದವಿ ಇನ್ನೂ ಮುಗಿಸದವರಿಗೆ. ಪದವಿ ಪರದೇಶದ್ದಾದರೂ ಪದವಿಯೇ ಎಂದು ಇಲ್ಲಿ ಸಾಮಾನ್ಯವಾಗಿ ಲೆಕ್ಕ ಹಿಡಿಯುತ್ತಾರೆ. ಅವತ್ತು ಪಾಸಾಗಿದ್ದರೆ ಇವತ್ತು ನಯಾಪೈಸೆ ಹುಟ್ಟುತ್ತಿರಲಿಲ್ಲ. ಫೇಲಾಗುವುದಕ್ಕೂ ದೂರದೃಷ್ಟಿ ಬೇಕು.

ನಮ್ಮ ದೊಡ್ಡ ನಾದಿನಿ ತಮ್ಮನಿಗಾಗಿ ಹಾಕಿದ್ದ ಗ್ರೀನ್ ಕಾರ್ಡ್ ಅರ್ಜಿಗೆ ಉತ್ತರ ಬರುವಷ್ಟರಲ್ಲಿ ತಮ್ಮನ ತಲೆ ಬೆಳ್ಳಗಾಗಿತ್ತು. ಈಗ ಆ ತಮ್ಮ, ಅಂದರೆ ನಮ್ಮ ಯಜಮಾನರು, ಓಹಾಯೊದ ಕೊಲಂಬಸ್ಸಿನಲ್ಲಿ, ಒಂದು ಸೌತ್ ಇಂಡಿಯನ್ ಹೋಟೆಲಿನ ಕಾವಲಿಯ ಮುಂದೆ ನಿಲ್ಲುತ್ತಾರೆ. ಆ ಸಂಬಳಕ್ಕೂ ನಮ್ಮ ಗ್ರೀನ್ ಕಾರ್ಡಿಗೂ ಗಂಟು ಹಾಕಿ, ಕಮ್ಯುನಿಟಿ ಕಾಲೇಜಿನಲ್ಲಿ ಅಕೌಂಟಿಂಗ್ ಓದಲು ನನಗೆ ಗ್ರಾಂಟ್ ಕೊಡಿಸಿದವಳು ಹೈಸ್ಕೂಲಿನಲ್ಲಿರುವ ಮಗಳು. ಫಾರಂ ತುಂಬಿ, "ಅಮ್ಮಾ, ಇಲ್ಲಿ ಸೈನ್ ಹಾಕು" ಎಂದಳು. ಅವಳ ಪ್ರೋಗ್ರೆಸ್ ಕಾರ್ಡಿಗೆ ನಾನು ಸೈನ್ ಹಾಕುವಾಗ ಮಾಡುತ್ತಿದ್ದ ಮುಖವನ್ನೇ ಅವಳೂ ಮಾಡಿದ್ದಳು.

ಪೂರ್ತಿ ಗ್ರಾಂಟ್ ವರ್ಷಕ್ಕೆ 7,395 ಡಾಲರ್. ಸೆಮಿಸ್ಟರಿಗೆ 12 ಕ್ರೆಡಿಟ್ ಓದಿದರೆ ಪೂರ್ತಿ ವಿದ್ಯಾರ್ಥಿನಿ. ನಾನು 9 ತೆಗೆದುಕೊಂಡವಳು, ಹಾಗಾಗಿ ಮುಕ್ಕಾಲು ವಿದ್ಯಾರ್ಥಿನಿ, ಮುಕ್ಕಾಲು ಗ್ರಾಂಟು. ಇದು ಸಾಲವಲ್ಲ, ತೀರಿಸಬೇಕಾಗಿಲ್ಲ ಎಂದಾಗ ನಮ್ಮ ಯಜಮಾನರು ಬಹಳ ಹೊತ್ತು ಯೋಚಿಸಿ, "ಹಂಗಾದ್ರೆ ಎಲ್ಲೋ ಒಂದು ಕೊಕ್ಕೆ ಇರತ್ತೆ ಕಣೇ" ಎಂದರು. ಕೊಕ್ಕೆ ಇತ್ತು. ಅದರ ಹೆಸರು ಸ್ಯಾಟಿಸ್ಫ್ಯಾಕ್ಟರಿ ಅಕಾಡೆಮಿಕ್ ಪ್ರೋಗ್ರೆಸ್. ಸರ್ಕಾರದ ದುಡ್ಡಿನಲ್ಲಿ ಓದುವವರು ತೃಪ್ತಿಕರವಾಗಿ ಮುಂದುವರಿಯುತ್ತಿರಬೇಕು. ಯಾರಿಗೆ ತೃಪ್ತಿ ಎಂದು ಕೇಳಬಾರದು. ಇಪ್ಪತ್ತು ವರ್ಷ ಸಂಸಾರ ಮಾಡಿದವಳಿಗೆ ಅದನ್ನು ಹೇಳಿಕೊಡಬೇಕಾಗಿಲ್ಲ.

ಮೊದಲ ಷರತ್ತು ಜಿಪಿಎ. ನಮ್ಮ ಕಾಲೇಜಿನಲ್ಲಿ ಕನಿಷ್ಠ 2.0 ಇರಬೇಕು. ಇದರಲ್ಲಿ ನನ್ನದು ಎತ್ತಿದ ಕೈ, 3.33. ಅದನ್ನು ಹಾಸನಕ್ಕೆ ಫೋನ್ ಮಾಡಿ ಹೇಳಿದರೆ ಅತ್ತೆ ಒಂದು ಕ್ಷಣ ಸುಮ್ಮನಿದ್ದು, "ನೂರಕ್ಕಾ?" ಎಂದರು. ನಾಲ್ಕಕ್ಕೆ ಅತ್ತೆ ಎಂದೆ. "ನಾಲ್ಕು ಮಾರ್ಕ್ಸಿಗೆ ಪರೀಕ್ಷೆ ಮಾಡೋರೂ ಇದಾರಾ!" ಎಂದು ಅವರು ಫೋನನ್ನು ಮಾವನವರಿಗೆ ದಾಟಿಸಿದರು.

ಎರಡನೆಯದು, ಎಷ್ಟು ದಿನ ಓದಬಹುದು ಎಂಬುದಕ್ಕೆ ಮಿತಿ. ಕೋರ್ಸಿನ ಉದ್ದದ ಒಂದೂವರೆ ಪಾಲು. ನನ್ನದು 60 ಕ್ರೆಡಿಟ್ಟಿನ ಅಸೋಸಿಯೇಟ್ ಡಿಗ್ರಿಯಾದ್ದರಿಂದ, 90 ಕ್ರೆಡಿಟ್‌ಗೆ ಹೆಸರು ನೋಂದಾಯಿಸುವುದರೊಳಗೆ ಮುಗಿಸಬೇಕು. ಇದನ್ನು ಕೇಳಿ ಯಜಮಾನರು ಬೆರಗಾದರು: "ನೂರು ದೋಸೆ ಕೊಡೋಕೆ ನಾನು ನೂರೈವತ್ತು ದೋಸೆ ಹುಯ್ದರೆ ನಮ್ಮ ಓನರ್ರು ಅವತ್ತೇ ಕಾವಲಿಯಿಂದ ಕೆಳಗಿಳಿಸ್ತಾರೆ. ಈ ಸರ್ಕಾರ ತುಂಬಾ ಸಭ್ಯ."

ನನ್ನನ್ನು ಹಿಡಿದದ್ದು ಮೂರನೆಯದು. ಹೆಸರು ನೋಂದಾಯಿಸಿದ ಕ್ರೆಡಿಟ್‌ಗಳಲ್ಲಿ ಮುಗಿಸಿದವು ಎಷ್ಟು ಎಂದು ಭಾಗಿಸುತ್ತಾರೆ, 67 ಪರ್ಸೆಂಟ್ ಬರಬೇಕು. 60ನ್ನು 90ರಿಂದ ಭಾಗಿಸಿದರೆ ಈ 67 ಎಲ್ಲಿಂದ ಬಂತೆಂದು ತಿಳಿಯುತ್ತದೆ. ನನಗೂ ತಿಳಿಯಿತು, ಸ್ವಲ್ಪ ತಡವಾಗಿ. ಒಂದು ವಿಷಯ ತಲೆಗೆ ಹತ್ತದಿದ್ದರೆ ಸೆಮಿಸ್ಟರಿನ ನಡುವೆ ಬಿಟ್ಟುಬಿಡಬಹುದು, ಆಗ ಗ್ರೇಡಿನ ಜಾಗದಲ್ಲಿ ಡಬ್ಲ್ಯು ಬೀಳುತ್ತದೆ, ಅದರಿಂದ ಜಿಪಿಎ ಕೂದಲೂ ಕೊಂಕುವುದಿಲ್ಲ. ಎಂಥ ಮಾನವಂತ ಅಕ್ಷರ! ಕ್ಯಾರಿ ಓವರ್ ಎಂಬ ಕಳಂಕವಿಲ್ಲ, ಅಮ್ಮನ ಬೈಗುಳವಿಲ್ಲ. ಮೊದಲ ಸೆಮಿಸ್ಟರಿನಲ್ಲೇ ಹಳೇ ಶತ್ರು ಸ್ಟ್ಯಾಟಿಸ್ಟಿಕ್ಸಿಗೆ ಒಂದು ಡಬ್ಲ್ಯು ದಯಪಾಲಿಸಿದೆ. ಆದರೆ ಈ ಮೂರನೇ ಲೆಕ್ಕದಲ್ಲಿ ಡಬ್ಲ್ಯು ಎಂದರೆ ನೋಂದಾಯಿಸಿದ್ದು ಹೌದು, ಮುಗಿಸಿದ್ದು ಅಲ್ಲ. 9ಕ್ಕೆ 6.

ಮಗಳಿಗೆ ಈ ಭಾಗಾಕಾರ ಎಷ್ಟು ಹಿಡಿಸಿತೆಂದರೆ ಮನೆಗೆಲ್ಲ ಅನ್ವಯಿಸಿದಳು. ಬೇಸ್‌ಮೆಂಟಿನ ಟ್ರೆಡ್‌ಮಿಲ್: ಶುರುವಾಗಿದೆ, ಮುಗಿದಿಲ್ಲ, ಸದ್ಯ ಅದರ ಮೇಲೆ ಸೀರೆ ಒಣಗುತ್ತಿದೆ. ಅವಳಿಗೆಂದೇ ಹೆಣೆಯಲು ಕೂತ ಸ್ವೆಟರ್: ಒಂದು ತೋಳು. ಸ್ಪ್ಯಾನಿಷ್ ಕಲಿಕೆ: ನಮಸ್ಕಾರದವರೆಗೆ. ಸಕ್ಕರೆಯಿಲ್ಲದ ಕಾಫಿ: ಮಧ್ಯಾಹ್ನದವರೆಗೆ. ಲೆಕ್ಕ ಎಷ್ಟಕ್ಕೆ ಬಂತೋ ಅವಳು ಹೇಳಲಿಲ್ಲ, ಅಪ್ಪನ ಕಿವಿಯಲ್ಲಿ ಉಸುರಿದಳು, ಅವರು ಉಪ್ಪಿಟ್ಟನ್ನು ನೆತ್ತಿಗೇರಿಸಿಕೊಂಡರು. ಆಮೇಲೆ ಕಾಲೇಜಿನ ಗ್ರೇಡನ್ನೂ ತೋರಿಸು ಎಂದಳು. ನಾನು ಕಾನೂನು ತೆಗೆದೆ. ಕಾಲೇಜು ಸೇರಿದವರ ಅಂಕಗಳು ಅವರ ಸ್ವಂತದವು, ಒಪ್ಪಿಗೆಯಿಲ್ಲದೆ ಸಾಮಾನ್ಯವಾಗಿ ಹೆತ್ತವರಿಗೂ ತೋರಿಸುವುದಿಲ್ಲ, 1974ರಿಂದ ಈ ದೇಶದಲ್ಲಿ ಹೀಗೇ. ಇನ್ನು ಹೆತ್ತ ಮಗಳಿಗೆ ಎಲ್ಲಿಯ ಹಕ್ಕು? "ಆಯ್ತು" ಎಂದಳು, "ಇನ್ನೆರಡು ವರ್ಷಕ್ಕೆ ನಾನೂ ಕಾಲೇಜಿಗೆ ಹೋಗ್ತೀನಲ್ಲ." ಕಾನೂನುಗಳನ್ನು ಮಕ್ಕಳ ಮುಂದೆ ಓದಬಾರದು.

ಎರಡನೇ ಸೆಮಿಸ್ಟರಿನಲ್ಲಿ ಎಲ್ಲ ಸರಿಮಾಡುವ ಪ್ಲಾನಿತ್ತು. ಅಷ್ಟರಲ್ಲಿ ಅತ್ತೆ ಬಂದರು. ಎಲ್ಲರ ಮನೆಗೂ ಊರಿನಿಂದ ಹಿರಿಯರು ಬೇಸಿಗೆಗೆ ಬರುತ್ತಾರೆ. ನಮ್ಮತ್ತೆ ಜನವರಿಗೆ ಬಂದರು, ಯಾಕೆಂದರೆ ಪಕ್ಕದ ಮನೆಯವರ ವಾಟ್ಸಾಪಿನಲ್ಲಿ ಅವರ ಮಗಳ ಮನೆಯ ಸ್ನೋ ನೋಡಿ, ನಮಗೂ ಮಗನಿಲ್ಲವೇ ಎಂದು ಹಟ ಹಿಡಿದಿದ್ದರು. ಸಂಕ್ರಾಂತಿಯ ಬೆಳಗ್ಗೆ ಎದ್ದು, ಮೂರು ಸ್ವೆಟರ್ ಹಾಕಿಕೊಂಡು, ಡ್ರೈವ್‌ವೇಯ ಬಿಳಿ ಹಿಮದ ಮೇಲೆ ಬಿಳಿ ರಂಗೋಲಿ ಬಿಡುತ್ತಾ ಐಸಿನ ಮೇಲೆ ಜಾರಿದರು. ಎಲ್ಲಿ ರಂಗೋಲಿ, ಎಲ್ಲಿ ಸ್ನೋ, ಎಲ್ಲಿ ಅತ್ತೆ ಎಂದು ಹುಡುಕುವುದೇ ಕಷ್ಟವಾಯಿತು. ಪುಣ್ಯಕ್ಕೆ ಕಾಲು ಮುರಿಯಲಿಲ್ಲ, ಉಳುಕಿತು. ಎಣ್ಣೆ ತಿಕ್ಕುವುದು, ಬಿಸಿನೀರು, ಗಂಟೆಗೊಂದು ಕಾಫಿ, ಸಂಜೆ ಸೀರಿಯಲ್ಲಿನಲ್ಲಿ ಯಾರು ಯಾರಿಗೆ ವಿಷ ಹಾಕಿದರೆಂಬ ವಿಚಾರಣೆ. ನನ್ನ ಕ್ಲಾಸುಗಳೂ ಸಂಜೆಯವೇ. ಎಕನಾಮಿಕ್ಸಿಗೆ ಡಬ್ಲ್ಯು, ಎರಡನೇ ಸಲ ಹಿಡಿದ ಸ್ಟ್ಯಾಟಿಸ್ಟಿಕ್ಸಿಗೂ ಡಬ್ಲ್ಯು. ಇಷ್ಟು ಹೇಳಿದ ಮೇಲೆ ಇನ್ನೊಂದನ್ನೂ ಹೇಳಿಬಿಡುತ್ತೇನೆ. ಅತ್ತೆಯ ಕಾಲು ಫೆಬ್ರವರಿಗೇ ವಾಸಿಯಾಯಿತು. ನನ್ನ ಸ್ಟ್ಯಾಟಿಸ್ಟಿಕ್ಸ್ ಮಾತ್ರ ಕುಂಟುತ್ತಲೇ ಇತ್ತು.

18ಕ್ಕೆ 9. ಐವತ್ತು ಪರ್ಸೆಂಟ್. ನಮ್ಮ ಕಾಲೇಜು ಈ ಲೆಕ್ಕವನ್ನು ವರ್ಷಕ್ಕೊಮ್ಮೆ ನೋಡುತ್ತದೆ. ಪ್ರತಿ ಸೆಮಿಸ್ಟರಿಗೂ ನೋಡುವ ಕಾಲೇಜಾಗಿದ್ದರೆ ಮೊದಲು ಎಚ್ಚರಿಕೆ ಕೊಟ್ಟು ಒಂದು ಸೆಮಿಸ್ಟರ್ ದುಡ್ಡು ಮುಂದುವರಿಸಬಹುದಿತ್ತು. ವರ್ಷಕ್ಕೊಮ್ಮೆ ನೋಡುವವರಿಗೆ ಆ ಅವಕಾಶವಿಲ್ಲ. ಜೂನಿನಲ್ಲಿ ನೇರ ಪತ್ರ ಬಂತು: ನಿಮ್ಮ ನೆರವು ನಿಂತಿದೆ, ಬೇಕಾದರೆ ಅಪೀಲು ಮಾಡಿಕೊಳ್ಳಿ. ಅಪೀಲಿನಲ್ಲಿ ಎರಡೇ ಪ್ರಶ್ನೆ. ಯಾಕೆ ಹೀಗಾಯಿತು? ಈಗ ಏನು ಬದಲಾಗಿದೆ?

ಮೊದಲನೆಯದಕ್ಕೆ ಒಪ್ಪುವ ಕಾರಣಗಳೂ ನಿಯಮದಲ್ಲೇ ಇವೆ. ಬಂಧುವಿನ ಮರಣ, ವಿದ್ಯಾರ್ಥಿಗೆ ಗಾಯ ಅಥವಾ ಕಾಯಿಲೆ, ಇಲ್ಲವೇ ಇತರ ವಿಶೇಷ ಸಂದರ್ಭ. ಯಜಮಾನರು ಕನ್ನಡಕ ಹಾಕಿಕೊಂಡು ಪಟ್ಟಿ ಓದಿ, "ಮೊದಲನೇದು ಬೇಡ" ಎಂದರು. ಆಮೇಲೆ ತಾವೇ ಹೈಸ್ಕೂಲಿನ ರಜಾ ಅರ್ಜಿಯ ಧಾಟಿಯಲ್ಲಿ, "ಮಾನ್ಯರೇ, ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ" ಎಂದು ಶುರುಮಾಡಿ, "ತಮ್ಮ ವಿಧೇಯ ವಿದ್ಯಾರ್ಥಿನಿ" ಎಂದು ಮುಗಿಸಿದರು. ಮಧ್ಯದ್ದು ನೀನು ತುಂಬಿಕೋ ಎಂದು ಮಲಗಿದರು.

ಮಧ್ಯದ್ದನ್ನು ಮಗಳು ಟೈಪ್ ಮಾಡುತ್ತಿದ್ದಾಗ ಅತ್ತೆ ಸೋಫಾದಿಂದಲೇ ಕೇಳಿದರು: "ಏನಮ್ಮಾ ಅದು, ನನ್ನ ಹೆಸರು ಬಂದಂಗಿತ್ತು?" ಮೊಮ್ಮಗಳು ನಿಷ್ಕಪಟವಾಗಿ ಅನುವಾದಿಸಿ ಓದಿಬಿಟ್ಟಳು. ಅತ್ತೆ ಎದ್ದು ಕೂತರು. "ನನ್ನಿಂದ ನೀನು ಫೇಲಾದೆ ಅಂತ ಅಮೆರಿಕಾ ಸರ್ಕಾರಕ್ಕೆ ಬರ್ಕೊಡ್ತಿದೀಯಾ? ನಾಳೆ ನಂಗೆ ವೀಸಾ ಕೊಡ್ತಾರಾ?" ಫೇಲಲ್ಲ ಅತ್ತೆ, ಪರ್ಸೆಂಟೇಜ್ ಎಂದೆ. "ಜಾರಿ ಬಿದ್ದೆ ಅಂತ ಬರೀಬೇಡ. ಸೊಂಟ ನೋವಿತ್ತು ಅಂತ ಬರಿ. ಗೌರವವಾಗಿರತ್ತೆ." ದಾಖಲೆ ಕೇಳುತ್ತಾರೆ, ಇರುವ ಆಸ್ಪತ್ರೆ ಬಿಲ್ಲು ಕಾಲಿನದು ಎಂದರೂ ಒಪ್ಪಲಿಲ್ಲ. ಕೊನೆಗೆ ಇಂಗ್ಲಿಷಿನಲ್ಲಿ ಕಾಲೆಂದೂ ಕನ್ನಡದಲ್ಲಿ ಓದಿ ಹೇಳುವಾಗ ಸೊಂಟವೆಂದೂ ರಾಜಿಯಾಯಿತು.

ಎರಡನೇ ಪ್ರಶ್ನೆಗೆ ಮಗಳು ಒಂದೇ ಸಾಲು ಬರೆದಳು: ಅಜ್ಜಿಗೆ ಜುಲೈಯಲ್ಲಿ ವಾಪಸ್ ಟಿಕೆಟ್ ಇದೆ. ಟಿಕೆಟ್ಟಿನ ಪ್ರತಿ ಲಗತ್ತಿಸಿದೆವು.

ಅಪೀಲು ಒಪ್ಪಿದರು. ಒಂದು ಸೆಮಿಸ್ಟರ್ ಪ್ರೊಬೇಷನ್. ಈ ಸಲ ತೆಗೆದುಕೊಂಡ 9 ಕ್ರೆಡಿಟ್ಟೂ ಪಾಸಾದರೆ 27ಕ್ಕೆ 18, ಅಂದರೆ 66.67. ಬೇಕಾದದ್ದು 67. ನಮ್ಮ ಕಡೆ ಗ್ರೇಸ್ ಮಾರ್ಕ್ಸ್ ಅಂತ ಒಂದಿರುತ್ತದೆ ಎಂದು ಆಫೀಸಿನಲ್ಲಿ ವಿವರಿಸಲು ಹೊರಟೆ. ಕಿಟಕಿಯಾಚೆಯ ಹುಡುಗಿ, ಮೇಲಕ್ಕೆ ಸರಿಹೊಂದಿಸಿಕೊಳ್ಳುತ್ತೇವೆ, ಯೋಚನೆ ಬೇಡ, ಮೊದಲು ಪಾಸಾಗಿ ಎಂದಳು. ಸ್ಟ್ಯಾಟಿಸ್ಟಿಕ್ಸಿಗೆ ಮೂರನೇ ಸಲ ಹೆಸರು ಕೊಟ್ಟು ಬಂದೆ.

ಕ್ಲಾಸು ಶುರುವಾದ ವಾರವೇ ಹಾಸನದಿಂದ ಫೋನು. ಅತ್ತೆ ಬಹಳ ಖುಷಿಯಲ್ಲಿದ್ದರು. "ನಂದು ಹತ್ತು ವರ್ಷದ ವೀಸಾ ಅಲ್ವೇನಮ್ಮಾ, ಸುಮ್ನೆ ಯಾಕೆ ಹಾಳಾಗಬೇಕು? ಜನವರಿಗೆ ಬರ್ತೀನಿ. ನನ್ನ ತಂಗೀಗೂ ವೀಸಾ ಆಯ್ತು. ಪಾಪ, ಅವಳೂ ಸ್ನೋ ನೋಡಿಲ್ಲ."

ಒಂದೇ ಕಾರಣಕ್ಕೆ ಎರಡನೇ ಸಲ ಅಪೀಲು ಸ್ವೀಕರಿಸುವುದಿಲ್ಲ ಎಂದು ನಮ್ಮ ಕಾಲೇಜಿನ ಪತ್ರದ ಕೆಳಗೆ ಸಣ್ಣಕ್ಷರದಲ್ಲಿತ್ತು. ಅದನ್ನು ಯಜಮಾನರ ಮುಂದೆ ಹಿಡಿದೆ. ಅವರು ಎರಡು ಸಲ ಓದಿ ಧೈರ್ಯ ಹೇಳಿದರು: "ಚಿಕ್ಕಮ್ಮ ಬೇರೆ ಕಾರಣ ಕಣೇ."