ಚಂದ್ರನಿಗೊಂದು ಹಲೋ

ಅಮೆರಿಕದ ಎಂಐಟಿಯಲ್ಲಿ ಹ್ಯಾಮ್ (ಹವ್ಯಾಸಿ) ರೇಡಿಯೋ ಸಂಘ 1909ರಿಂದಲೂ ಇದೆ. ಅಲ್ಲಿನ ಗ್ರೀನ್ ಬಿಲ್ಡಿಂಗಿನ ನೆತ್ತಿಯ ಮೇಲೊಂದು ಬಿಳಿ ಗುಮ್ಮಟ, ಅದರೊಳಗೆ 18 ಅಡಿಯ ಡಿಶ್. ಹವಾಮಾನದ ರೇಡಾರಿಗೆಂದು ಕೂರಿಸಿದ್ದು, ಆಮೇಲೆ ವಿದ್ಯಾರ್ಥಿಗಳ ಕೈಗೆ ಬಂತು.

ಕೈಗೆ ಬಂದದ್ದೇ ತಡ, ಚಂದ್ರನತ್ತ ತಿರುಗಿಸಿದರು! ಇಲ್ಲಿಂದ ಹೊರಟ ಸಿಗ್ನಲ್ ಚಂದ್ರನಿಗೆ ಬಡಿದು ವಾಪಸಾಗಲು ಸುಮಾರು ಎರಡೂವರೆ ಸೆಕೆಂಡು. ಬಹುಪಾಲು ದಾರಿಯಲ್ಲೇ ಚೆಲ್ಲಿಹೋಗಿ, ಬುಸ್ಸೆನ್ನುವ ಗದ್ದಲದ ನಡುವೆ ಸಣ್ಣದೊಂದು ಕುಂಯ್ ಕೇಳಿಸಿದರೆ ಹೆಚ್ಚು. ಅಷ್ಟಕ್ಕೇ ಇವರಿಗೆ ಯುಗಾದಿ.

ಕಟ್ಟಡದ ರಿಪೇರಿ ಶುರುವಾದಾಗ ಗುಮ್ಮಟಕ್ಕೇ ಕುತ್ತು ಬಂತು. ಉಳಿಸಿಕೊಳ್ಳಲು ಹಣ ಬೇಕು. ಹಳೇ ವಿದ್ಯಾರ್ಥಿಗಳ ಮುಂದೆ ಜೋಳಿಗೆ ಹಿಡಿದದ್ದೂ ಆಯಿತು. ಕಡೆಗೆ 2021ರಲ್ಲಿ ಎಆರ್‌ಡಿಸಿ ಎಂಬ ಹ್ಯಾಮ್ ಪ್ರತಿಷ್ಠಾನ 16 ಲಕ್ಷ ಡಾಲರ್ ಕೊಟ್ಟಿತು.

ಆ ದುಡ್ಡಿನ ಮೂಲವೇ ಇನ್ನೂ ಸ್ವಾರಸ್ಯ. ಇಂಟರ್ನೆಟ್ ಇನ್ನೂ ಅಂಬೆಗಾಲಿಡುತ್ತಿದ್ದಾಗ ಹ್ಯಾಮ್‌ಗಳ ಪ್ರಯೋಗಕ್ಕೆಂದು ಒಂದಷ್ಟು ಐಪಿ ವಿಳಾಸಗಳನ್ನು ಪುಕ್ಕಟೆ ಕೊಡಲಾಗಿತ್ತು. ಆಗ ಕೇಳುವವರಿರಲಿಲ್ಲ. ಅವುಗಳಲ್ಲಿ ಸುಮಾರು 40 ಲಕ್ಷವನ್ನು 2019ರಲ್ಲಿ ಅಮೆಜಾನ್ ಇದೇ ಪ್ರತಿಷ್ಠಾನದಿಂದ ಕೊಂಡುಕೊಂಡಿತು. ಊರಾಚೆಯ ಖರಾಬು ಜಾಗದ ಪಕ್ಕದಲ್ಲೇ ರಿಂಗ್ ರೋಡ್ ಹಾದಂತಾಯಿತು! ಸೈಟು ಮಾರಿದವರು ಸಾಮಾನ್ಯವಾಗಿ ಕಾರು ಕೊಳ್ಳುತ್ತಾರೆ. ಹ್ಯಾಮ್‌ಗಳು ಗುಮ್ಮಟ ರಿಪೇರಿ ಮಾಡಿಸಿದರು.